ಕನಿಷ್ಠ ಶಿಲ್ಕು ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಕನಿಷ್ಠ ಸರಾಸರಿ ಶಿಲ್ಕು ಅವರ ಸನ್ನಿಧಾನಕ್ಕೆ,

ಉಳಿತಾಯ ಖಾತೆಯಲ್ಲಿ ಮಾನ್ಯರು ಸದಾ ಬಿಜಯಂಗೈದಿರಬೇಕು ಎಂಬುದು ಜನರ ತಪ್ಪು ತಿಳಿವಳಿಕೆ. ಸರಾಸರಿಯಲ್ಲಿದ್ದರೆ ಸಾಕು. ದಿನದ ಕೊನೆಗೆ ಉಳಿದ ಹಣವನ್ನು ತಿಂಗಳಿಡೀ ಕೂಡಿ, ದಿನಗಳಿಂದ ಭಾಗಿಸಿದರೆ ಸಿಗುವುದೇ ಮಾನ್ಯರ ನಿಜರೂಪ. ಹಗಲು ಖಾತೆ ಬರಿದಾದರೂ ಚಿಂತೆಯಿಲ್ಲ, ರಾತ್ರಿ ಎಷ್ಟಿದೆ ಎಂಬುದೇ ಲೆಕ್ಕ.

ಮಿತಿ 10,000 ರೂಪಾಯಿ ಎಂದಿಟ್ಟುಕೊಂಡರೆ 30 ದಿನಕ್ಕೆ ಕೂಡುಮೊತ್ತ 3,00,000 ಆಗಬೇಕು. ಸಂಬಳ ಬಿದ್ದ ಮೊದಲ 5 ದಿನ 25,000. ಬಾಡಿಗೆ, ಚೀಟಿ ಕಳೆದು ಮುಂದಿನ 10 ದಿನ 8,000. ಉಳಿದ 15 ದಿನ 6,000. ಕೂಡಿದರೆ 2,95,000, ಸರಾಸರಿ 9,833. ಕೊನೆಯ ದಿನ ಭಾವಮೈದುನನಿಂದ 5,000 ಕೈಗಡ ತಂದು, ಒಂದು ರಾತ್ರಿ ಖಾತೆಯಲ್ಲಿ ಮಲಗಿಸಿ, ಬೆಳಗ್ಗೆ ಹಿಂದಿರುಗಿಸಿದರೆ ಮಾನ್ಯರು ಸಂತುಷ್ಟರು. ಉಳ್ಳವರು 3 ಲಕ್ಷವನ್ನು ಒಂದೇ ದಿನ ಇಟ್ಟು ಉಳಿದ 29 ದಿನ ಸೊನ್ನೆ ಮಾಡಿದರೂ ಕೃಪೆಗೆ ಕೊರತೆಯಿಲ್ಲ. ಹೀಗಾಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಶಿಲ್ಕಿನ ಲೆಕ್ಕವೂ ಪೆನ್ಸಿಲ್ಲಿನಲ್ಲಿ ಸೇರಿಕೊಂಡಿದೆ.

ದುಡ್ಡಿಲ್ಲ ಎಂಬ ಅಪರಾಧಕ್ಕೆ ದುಡ್ಡೇ ದಂಡ, ಅದರ ಮೇಲೆ ಶೇ 18 ಜಿಎಸ್‌ಟಿ. ದಂಡ ಕಡಿತವಾದಷ್ಟೂ ಮುಂದಿನ ತಿಂಗಳ ಸರಾಸರಿ ಇಳಿಯುತ್ತದೆ. ಮಾನ್ಯರ ದೂರದೃಷ್ಟಿ ದೊಡ್ಡದು. 2019-20ರಿಂದ 5 ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಹೀಗೆ ಸುಮಾರು 8,500 ಕೋಟಿ ರೂಪಾಯಿ ಕೂಡಿಹಾಕಿದ್ದನ್ನು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ.

ರಿಸರ್ವ್ ಬ್ಯಾಂಕ್ 2015ರ ಏಪ್ರಿಲ್‌ನಿಂದ ಸಣ್ಣದೊಂದು ಮೂಗುದಾರ ಹಾಕಿದೆ. ಮೊದಲು ಎಸ್ಸೆಮ್ಮೆಸ್ಸೋ ಇಮೇಲೋ ಪತ್ರವೋ ಕಳಿಸಬೇಕು, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು, ಕೊರತೆ ಎಷ್ಟೋ ಅದರ ಶೇಕಡಾವಾರಿನಲ್ಲಿ ದಂಡ ಹಾಕಬೇಕು, ದಂಡದ ದೆಸೆಯಿಂದಲೇ ಖಾತೆ ಸೊನ್ನೆಗಿಂತ ಕೆಳಗಿಳಿಯಬಾರದು. ಎಸ್ಸೆಮ್ಮೆಸ್ ಬರುತ್ತದೆ, ಸಾಲ ಬೇಕೇ ಎಂದು ಕೇಳುವ ಹತ್ತು ಎಸ್ಸೆಮ್ಮೆಸ್‌ಗಳ ನಡುವೆ.

2020ರಲ್ಲಿ ಸ್ಟೇಟ್ ಬ್ಯಾಂಕ್ ಮಾನ್ಯರನ್ನು ಬೀಳ್ಕೊಟ್ಟಿತು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ 2025ರ ಜೂನ್ 1ರಂದು ಅದೇ ಕೆಲಸ ಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಖಾಸಗಿ ಬ್ಯಾಂಕೊಂದು ಮಹಾನಗರದ ಹೊಸ ಗ್ರಾಹಕರಿಗೆ 50,000 ಎಂದು ಸಾರಿ, ಗದ್ದಲವೆದ್ದ ಮೇಲೆ 15,000ಕ್ಕೆ ಇಳಿಯಿತು. ಮಾನ್ಯರಿಗೂ ಚೌಕಾಶಿ ತಿಳಿದಿದೆ ಎಂದಾಯಿತು.

ಮಾನ್ಯರ ಕಾಟವಿಲ್ಲದ ಮೂಲ ಉಳಿತಾಯ ಖಾತೆಯೂ ಬ್ಯಾಂಕುಗಳಲ್ಲಿ ಉಂಟು. ತಿಂಗಳಿಗೆ 4 ಸಲ ಹಣ ತೆಗೆಯಲು ಶುಲ್ಕವಿಲ್ಲ. ಅದರ ಫಾರಂ ಮಾತ್ರ ಗೋಡೆಯ ಮೇಲಿನ ಬಣ್ಣದ ಪೋಸ್ಟರಿನಲ್ಲಿ ಕಾಣದು, ಎರಡು ಸಲ ಕೇಳಿದವರಿಗೆ ಕೌಂಟರಿನ ಡ್ರಾಯರಿನಿಂದ ಹೊರಬರುತ್ತದೆ.

ಇಂತಿ,
167 ರೂಪಾಯಿ ಕಡಿಮೆ ಬಿದ್ದ ಒಂದು ಖಾತೆ