ಹೋತಿನ ಗಡ್ಡ, ನನ್ನ ದಾಡಿ

ನನ್ನ ದಾಡಿ ಬ್ರಶ್ಶು ನನ್ನ ತಲೆಯೊಡನೆ ಪೈಪೋಟಿಗೆ ಬಿದ್ದು ಬೋಳಾಗಿತ್ತು. ಒಂದು ರವಿವಾರ ಮನೆಯಾಕೆ ಅದನ್ನು ಕಸದ ಬುಟ್ಟಿಗೆ ಒಗೆದು, "ಪ್ಯಾಟ್ಯಾಗ ಹೊಸಾದು ಒಂದು ತಗೊಂಬರ್ರಿ" ಅಂದಳು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಬನಹಟ್ಟಿಯಲ್ಲಿ ಹುಟ್ಟಿ, ಕೈಮಗ್ಗದ ನೇಕಾರನ ಮಗನಾಗಿ, ಒಂದು ಬ್ರಶ್ಶನ್ನು ರೊಕ್ಕ ಕೊಟ್ಟು ತರುವುದೇ? "ಕೈಯಾಗ ಮಾಡ್ತೀನಿ, ನೋಡ್ತಿರು" ಅಂದೆ. ಆಕೆ ನನ್ನನ್ನು ನೋಡಲಿಲ್ಲ. ಹೋದ ವರ್ಷ ನಾನು ಮಾಡಿದ ಮೂರು ಕಾಲಿನ ಸ್ಟೂಲಿನ ಕಡೆ ನೋಡಿದಳು. ಅದಕ್ಕೆ ಮೊದಲು ನಾಲ್ಕು ಕಾಲಿದ್ದವು.

ಊರ ತುಂಬ ಈಗ ಪಾವರ್‌ಲೂಮಿನ ಖಟಖಟ. ಅಪ್ಪನ ಕೈಮಗ್ಗ ಬಿಚ್ಚಿದ ಮೇಲೆ ಅದರ ಕಟ್ಟಿಗೆಯೆಲ್ಲ ಅಟ್ಟ ಸೇರಿತ್ತು. ಬ್ರಶ್ಶಿನ ಹಿಡಿಕೆಗೆಂದು ಅದರಲ್ಲೊಂದು ಸಾಗವಾನಿ ತುಂಡು ಇಳಿಸಿಕೊಂಡೆ. ಬಡಿಗೇರರಾದರೆ ಲೇಥಿಗೆ ಕಟ್ಟಿ ಗರ್ರನೆ ತಿರುಗಿಸಿ ಗುಂಡಗೆ ಮಾಡಿ ಕೊಡುತ್ತಾರೆ. ನನ್ನ ಹತ್ತಿರ ಇದ್ದದ್ದು ಜಮಖಂಡಿಯಿಂದ ತಂದ ಒಂದು ಉಳಿ ಮತ್ತು ಬೇಕಾದಷ್ಟು ಹುಮ್ಮಸ್ಸು. ನಾಲ್ಕು ಮೂಲೆಯ ಕಟ್ಟಿಗೆಯನ್ನು ಎಂಟು ಮೂಲೆ ಮಾಡಬೇಕು, ಎಂಟನ್ನು ಹದಿನಾರು ಮಾಡಬೇಕು, ಆಮೇಲೆ ಉಜ್ಜುತ್ತ ಹೋದರೆ ಗುಂಡಾಗುತ್ತದೆ. ನನ್ನದು ಐದಕ್ಕೆ ನಿಂತಿತು. ಎಡಕ್ಕೆ ಹೆಚ್ಚು ಹೋಯಿತೆಂದು ಬಲಕ್ಕೆ ಕೆತ್ತಿ, ಬಲಕ್ಕೆ ಹೆಚ್ಚಾಯಿತೆಂದು ಎಡಕ್ಕೆ ಕೆತ್ತಿ, ನಾಲ್ಕನೇ ದಿನಕ್ಕೆ ಬುಡ ದಪ್ಪ, ನಡ ಸಣ್ಣ, ತಲೆ ಸೊಟ್ಟ. ಪಕ್ಕದ ಮುಧೋಳದ ರನ್ನ ಸಾವಿರ ವರ್ಷದ ಹಿಂದೆ ಗದಾಯುದ್ಧ ಬರೆದ. ಅವನ ಭೀಮನ ಕೈಗೆ ನನ್ನ ಗದೆ ಕೊಟ್ಟಿದ್ದರೆ ದುರ್ಯೋಧನ ಬದುಕಿಕೊಳ್ಳುತ್ತಿದ್ದ. ಇರಲಿ, ತಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕುಳಿ ತೋಡಿದೆ. ಅದೊಂದು ಮಾತ್ರ ಗುಂಡಗೆ ಬಂತು.

ಇನ್ನು ಕೂದಲು. ವಿಲಾಯತಿಯಲ್ಲಿ ಬ್ಯಾಜರ್ ಎಂಬ ಬಿಲದ ಪ್ರಾಣಿಯ ಕೂದಲೇ ಶ್ರೇಷ್ಠವಂತೆ. ನಮ್ಮ ಸೀಮೆಯ ಶ್ರೇಷ್ಠ ಪ್ರಾಣಿ ಯಾವುದು? ಮುಧೋಳ ನಾಯಿ! ಮಹಾಲಿಂಗಪುರದ ಮೇಲೆ ಹಾಯ್ದು ಮುಧೋಳಕ್ಕೆ ಹೋಗಿ, ಗೆಳೆಯನ ನಾಯಿಯ ಮೈ ಸವರಿದೆ. ಕೈಗೆ ಬಂದದ್ದು ಪಕ್ಕೆಲುಬು. 2005ರಲ್ಲಿ ಅಂಚೆಚೀಟಿ ಏರಿದ ನಾಯಿ ಅದು. ಆದರೆ ಮೈಮೇಲಿನ ಕೂದಲು ಅಂಚೆಚೀಟಿಗೆ ಅಂಟಿಸಿದಷ್ಟೇ ಗಿಡ್ಡ. ಮುಧೋಳದ ರಾಜರು ಐದನೇ ಜಾರ್ಜ್ ದೊರೆಗೆ ಇಂಥದೊಂದು ಜೋಡಿ ಕಾಣಿಕೆ ಕೊಟ್ಟಿದ್ದರಂತೆ. ಆ ದೊರೆ ಗಡ್ಡ ಬಿಟ್ಟವ, ಅವನಿಗೇನು ಬ್ರಶ್ಶಿನ ಚಿಂತೆ!

ಆಗ ನೆನಪಾದದ್ದು ಬೀಳಗಿಯ ನಮ್ಮ ಷಡ್ಡಕನ ಹೋತ. ಮೊಳಕ್ಕೆ ನಾಲ್ಕು ಬೆರಳು ಕಮ್ಮಿ ಗಡ್ಡ. ಅದರ ಗಡ್ಡ ತೆಗೆದು ನನ್ನ ಗಡ್ಡ ತೆಗೆಯುವ ಯೋಜನೆ. ಕೇಳಿದರೆ ಕೊಡುತ್ತಿದ್ದರೋ ಏನೋ, ಕೇಳುವುದಕ್ಕೇ ನಾಚಿಕೆ. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದಾಗ ಕತ್ತರಿ ಹಿಡಿದು ಹಿತ್ತಲಿಗೆ ಇಳಿದೆ. ಆ ಗಡ್ಡದ ವಾಸನೆಯ ಬಗ್ಗೆ ಇಷ್ಟೇ ಹೇಳುತ್ತೇನೆ: ತುಂಬಿದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಊರು ಮುಟ್ಟುವವರೆಗೂ ಖಾಲಿ ಇತ್ತು. ಸಂಜೆಗೆ ಬೀಳಗಿಯಿಂದ ಫೋನು. "ಅಕ್ಕಾ, ಯಾರೋ ನಮ್ಮ ಹೋತಿನ ಗಡ್ಡಾ ಕತ್ತರಿಸಿಕೊಂಡು ಹೋಗ್ಯಾರ! ಮಾಟಾ-ಗೀಟಾ ಮಾಡಸ್ಯಾರೋ ಏನೋ. ಅದರ ಕೊಳ್ಳಾಗ ಲಿಂಬಿಹಣ್ಣು ಕಟ್ಟೀವಿ." ನಾನು ಪೇಪರ್ ಓದುತ್ತಿದ್ದೆ. ತಲೆಕೆಳಗಾಗಿ ಹಿಡಿದಿದ್ದೆನಂತೆ.

ಕೂದಲನ್ನು ಕಟ್ಟಿ, ಕುಳಿಗೆ ಬಿಳಿ ಗೋಂದು ತುಂಬಿ ಕೂರಿಸಿ, ತುದಿಗಳನ್ನು ಕತ್ತರಿಯಿಂದ ಸಮ ಮಾಡಿದೆ. ಎದುರುಮನೆಯ ಹಿರಿಯ ನೇಕಾರರಿಗೆ ತೋರಿಸಿದೆ. ಮಗ್ಗದ ಹಾಸಿನ ನೂಲಿಗೆ ಗಂಜಿ ಸವರುವ ಕುಂಚ ಹಿಡಿದು ಹಿಡಿದು ಕೈ ಪಳಗಿದವರು. ಬೆರಳಿಂದ ಮುಟ್ಟಿದವರೇ, "ಮಾಸ್ತರ, ತುದಿ ಯಾಕ ಕತ್ತರಿಸಿದ್ರಿ? ಕೂದಲಿನ ಮೆತ್ತಗೆಲ್ಲಾ ತುದಿಯಾಗ ಇರತೈತಿ. ತುದಿ ಕೆಳಗ ಮಾಡಿ ಬಟ್ಟಲದಾಗ ಕುಟ್ಟಿ ಸಮಾ ಮಾಡಬೇಕು, ಬುಡಾ ಕತ್ತರಿಸಬೇಕು. ಈಗಿದು ಕಸಬರಿಗಿ ಆತು" ಅಂದರು.

ಆ ರಾತ್ರಿ ಬೀದರದಲ್ಲಿ ಪಶುವೈದ್ಯ ಓದುವ ಮಗಳು ಫೋನಿನಲ್ಲಿ ಬಾಯಿಬಾಯಿ ಬಡಿದುಕೊಂಡಳು. "ಅಪ್ಪಾ, ಮೊದಲನೇ ಮಹಾಯುದ್ಧದಾಗ ಕುದುರಿ ಕೂದಲಿನ ಹಲಕಾ ದಾಡಿ ಬ್ರಶ್ಶಿನಿಂದ ಸಿಪಾಯಿಗಳಿಗೆ ಅಂಥ್ರಾಕ್ಸ್ ಬಂದಿತ್ತು! 1920ರಾಗ ಬ್ರಿಟನ್‌ದವರು ಜಪಾನಿನ ಬ್ರಶ್ ತರಸೂದ ಬಂದ್ ಮಾಡಿದ್ರು. ನೀ ತೊಳೀದ ಕೂದಲಾ ಮಾರಿಗೆ ಹಚ್ಚತಿ?" ಅವಳ ಮಾತು ಮುಗಿಯುವುದರೊಳಗೆ ಮನೆಯಾಕೆ ಹಳೇ ಪಾತೇಲಿಯಲ್ಲಿ ನೀರು ಕಾಯಿಸಿ ಬ್ರಶ್ಶನ್ನು ಮುಳುಗಿಸಿಯಾಗಿತ್ತು. ಹತ್ತು ನಿಮಿಷಕ್ಕೆ ನೀರು ಹಾಲಿನಂತೆ ಬೆಳ್ಳಗಾಯಿತು, ಮೇಲೆ ಹೋತಿನ ಗಡ್ಡ ಶ್ಯಾವಿಗೆ ಪಾಯಸದಂತೆ ತೇಲಿತು. ಬಿಳಿ ಗೋಂದು ಬಿಸಿನೀರಿಗೆ ನಿಲ್ಲುವುದಿಲ್ಲವೆಂದು ಆಗ ತಿಳಿಯಿತು.

ಸೋಲೊಪ್ಪಲಿಲ್ಲ. ಕೂದಲು ಒಣಗಿಸಿ, ಮರುದಿನ ಎರಡು ಟ್ಯೂಬು ಕಲಸುವ ಗಟ್ಟಿ ಗೋಂದು ತಂದು ಮತ್ತೆ ಕೂರಿಸಿದೆ. ಇಪ್ಪತ್ನಾಲ್ಕು ತಾಸು ಬಿಡಬೇಕೆಂದು ಬರೆದಿತ್ತು; ನಾನು ಎರಡು ತಾಸು ಬಿಟ್ಟೆ.

ಸಾಬೂನು ತಿಕ್ಕಿ, ಕಣ್ಣು ಮುಚ್ಚಿ, ಗಲ್ಲದ ಮೇಲೆ ಗರಗರ ಆಡಿಸಿದೆ. ನೊರೆ ಬಂತು, ಉರಿಯೂ ಬಂತು. ಒಮ್ಮೆಲೇ ಬ್ರಶ್ಶು ಹಗುರಾಯಿತು. ಕಣ್ಣು ಬಿಟ್ಟರೆ ಕೈಯಲ್ಲಿ ಬರೀ ಗದೆ. ತಮ್ಮನ ಮಗ ಬಚ್ಚಲ ಬಾಗಿಲಲ್ಲಿ ನಿಂತು ಕಿರುಚಿದ: "ದೊಡ್ಡವ್ವಾ, ಓಡಿಬಾ! ದೊಡ್ಡಪ್ಪಗ ಹೋತಿನ ಗಡ್ಡಾ ಬಂದೈತಿ!"

ಆಕೆ ಬಂದಳು. ನನ್ನ ಗದ್ದದಿಂದ ಜೋತಾಡುತ್ತಿದ್ದ ಕೂದಲನ್ನು ಹತ್ತಿರದಿಂದ ನೋಡಿದಳು, ಮೂಸಿದಳು. ಸೆರಗಿಗೆ ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು.

"ತಂಗೀ, ಹೋತಿನ ಕೊಳ್ಳಾನ ಲಿಂಬಿಹಣ್ಣು ಬಿಚ್ಚು. ಗಡ್ಡಾ ಸಿಕ್ಕೈತಿ."