ಅಲ್ಲಾಡಿಸಿ ನೋಡದ ಸುದ್ದಿ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡನ್ನು ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿದ ಮೇಲಷ್ಟೇ ಬೆಲೆ ಕಟ್ಟುವ ರೀಲರು, ಅಂದರೆ ಗೂಡಿನಿಂದ ನೂಲು ತೆಗೆಯುವವರು, 2025ರ ಮೇ 8ರ ರಾತ್ರಿ ಭಾರತ–ಪಾಕಿಸ್ತಾನ ಸಂಘರ್ಷದ ನಡುವೆ ಕೆಲವು ಟೀವಿ ವಾಹಿನಿಗಳು ಪಾಕಿಸ್ತಾನದ ಕರಾಚಿ ಬಂದರನ್ನು ಪರದೆಯ ಮೇಲೆ ಧ್ವಂಸಗೊಳಿಸಿದಾಗ ಆ ಸರಕನ್ನು ಅಲ್ಲಾಡಿಸದೆಯೇ ಕೊಂಡರೆಂಬುದು ಗಮನಾರ್ಹ.

“ಬಂದರು ಇದ್ದಲ್ಲೇ ಇದೆಯಂತಲ್ಲ ಗೌಡರೇ?” ಎಂದು ಒಬ್ಬ ರೀಲರು ಹುಳು ಸಾಕುವ ರೈತರನ್ನು ಕೇಳಿದರು.

“ಇರಲಿ ಬಿಡಿ ಸಾಹೇಬರೇ, ಟೀವಿಯ ಸೈರನ್ನಿಗೆ ನಮ್ಮ ಹುಳು ಸೊಪ್ಪು ಬಿಟ್ಟವು, ಅಷ್ಟಾದರೂ ನಿಜವಾಗಿ ನಡೆಯಿತು.”

ಆ ಸದ್ದನ್ನು ಬಳಸಬೇಡಿರೆಂದು ಮೇ 10ರಂದು ಕೇಂದ್ರ ಸರ್ಕಾರವೇ ವಾಹಿನಿಗಳಿಗೆ ಹೇಳಬೇಕಾಗಿ ಬಂದುದು ಹುಳುಗಳ ಪುಣ್ಯ. ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಆರಂಭಿಸಿದಾಗ, ಗೌರಿಬಿದನೂರು ತಾಲ್ಲೂಕಿನ, ಶಿಯಾ ಮುಸ್ಲಿಮರೇ ಹೆಚ್ಚಿರುವ ಅಲೀಪುರದ ಹಲವು ವಿದ್ಯಾರ್ಥಿಗಳು ಇರಾನಿನಲ್ಲಿ ಓದುತ್ತಿದ್ದುದರಿಂದ ಚರ್ಚೆ ಮತ್ತೆ ಕಾವೇರಿತು.

“ಅಲೀಪುರದವರು ಟೀವಿ ಬಿಟ್ಟು ಮಗನಿಗೇ ಫೋನು ಮಾಡುತ್ತಾರೆ.”

“ಅದು ಪಕ್ಷಪಾತ, ಅಂದರೆ ಒಂದೇ ಕಡೆಯ ಮಾತು ಕೇಳಿದಂತಲ್ಲವೇ?”

“ಹೌದು ಗೌಡರೇ, ಆದರೆ ಅವನು ಊಟ ಆಯಿತೆಂದರೆ ಊಟ ಆಗಿರುತ್ತದೆ.”

ಅಷ್ಟರಲ್ಲಿ ಹರಾಜಿನ ಬೆಲೆ ಮೊಬೈಲಿಗೆ ಬಂದಿತು. ಇಬ್ಬರೂ ಅದನ್ನು ಎರಡೆರಡು ಸಲ ಓದಿದರು.