ಕೆಂಪು ಸಿಗ್ನಲ್ ಮುಂದೆ ಧ್ಯಾನ

ಕಂಪ್ಯೂಟರಿನ ರೈಲಿನ ಆಟದಲ್ಲಿ ಸ್ಟೇರಿಂಗ್ ಇಲ್ಲ. ತಿರುವನ್ನು ಹಳಿಯೇ ನೋಡಿಕೊಳ್ಳುತ್ತದೆ. ನಮ್ಮ ಪಾಲಿಗೆ ಉಳಿಯುವುದು ಕಾಯುವ ಕೆಲಸ. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರಿನಲ್ಲಿ ಅಮೆರಿಕದ ಮರಾಯಸ್ ಪಾಸ್ ಎಂಬ ಘಟ್ಟವಿದೆ. ಗೂಡ್ಸ್ ಗಾಡಿ ಅದನ್ನು ಏರುವ ಪರಿ ನೋಡಿದರೆ ಇಳಿದು ತಳ್ಳೋಣ ಅನಿಸುತ್ತದೆ. ಅಷ್ಟರಲ್ಲಿ ಕೆಂಪು ಸಿಗ್ನಲ್. ಬ್ರೇಕ್ ಹಾಕಿದಿರೋ, ಮುಗಿಯಿತು! ಹಸಿರು ಬಂದಮೇಲೂ ಕೊನೇ ವ್ಯಾಗನ್ನಿನ ತನಕ ಬ್ರೇಕಿನ ಪೈಪಿನಲ್ಲಿ ಗಾಳಿ ತುಂಬಬೇಕು. ಪ್ರೆಶರ್ ಮುಳ್ಳು ಸರ್ಕಾರಿ ಫೈಲಿನ ವೇಗದಲ್ಲಿ ಮೇಲೇರುತ್ತದೆ.

ಹೋಗಲಿ, ಒಂದು ಲೋಟ ಕಾಫಿ ಬೆರೆಸಿಕೊಂಡು ಬರೋಣವೆಂದು ಓಡುವ ಗಾಡಿಯಿಂದ ಎದ್ದರೆ ಅಲರ್ಟರ್ ಪೀಂಗುಟ್ಟುತ್ತದೆ. ಡ್ರೈವರು ಎಚ್ಚರವಿದ್ದಾನೋ ಎಂದು ವಿಚಾರಿಸುವ ಯಂತ್ರ ಅದು. ಗುಂಡಿ ಒತ್ತದಿದ್ದರೆ ತಾನೇ ಎಮರ್ಜೆನ್ಸಿ ಬ್ರೇಕ್ ಜಡಿಯುತ್ತದೆ. ಮತ್ತೆ ಗಾಳಿ, ಮತ್ತೆ ಮುಳ್ಳು. ನಿದ್ದೆ ಬರಿಸುವುದೂ ಅದೇ ಆಟ, ನಿದ್ದೆ ಮಾಡಿದರೆ ಬೈಯುವುದೂ ಅದೇ.

ಜಪಾನಿನ ಟೈಟೋದವರು 1996ರಲ್ಲಿ ತಂದ ‘ಡೆನ್ಶಾ ದೆ ಗೋ’ ಎಂಬ ರೈಲಿನ ಆಟ ಇನ್ನೂ ಕಟ್ಟುನಿಟ್ಟು. ಪ್ಲಾಟ್‌ಫಾರ್ಮಿನ ಗುರುತು ದಾಟಿ ನಿಂತರೆ ಅಂಕ ಕತ್ತರಿಸುತ್ತಾರೆ. ನಮ್ಮಲ್ಲಿ ಗಾಡಿ ಬಂದರೆ ಸಾಕೆಂದು ಕೈಮುಗಿಯುವವರಿಗೆ ಇದು ಅತಿಯಾಯಿತು.

‘ಅಷ್ಟು ಹೊತ್ತಿಂದ ಏನ್ರೀ ಮಾಡ್ತಿದ್ದೀರಿ?’ ಎಂದಳು ಮನೆಯಾಕೆ.

‘ಗಾಳಿ ತುಂಬ್ತಿದೀನಿ.’

‘ಹಾಗೇ ಆ ಸೈಕಲ್ಲಿಗೂ ಒಂದಿಷ್ಟು ಹೊಡೀರಿ.’